ಆಣೆ ಹೋಗಿ ನಯೆ ಪೈಸೆ ಬಂದ ವರ್ಷ

ನಮ್ಮ ಗಣಿತದ ಮಾಸ್ತರರು ತೀರಿಕೊಂಡ ಸುದ್ದಿ ಕೇಳಿದಾಗಿನಿಂದ ಎಂಟನೆಯ ಇಯತ್ತೆಯದೇ ನೆನಪು. ಆ ವರ್ಷ ಏನೇನು ಪಾಠ ಓದಿದೆವೋ, ಒಂದೂ ತಲೆಯಲ್ಲಿ ಉಳಿದಿಲ್ಲ. ಮಾಸ್ತರರು ಮಾತ್ರ ಉಳಿದಿದ್ದಾರೆ.

1956ರ ದೀಪಾವಳಿ ರಜೆಗೆ ಮನೆಗೆ ಹೋಗುವಾಗ ನಮ್ಮದು ಮುಂಬಯಿ ರಾಜ್ಯ. ತಿರುಗಿ ಬಂದಾಗ ಮೈಸೂರು ರಾಜ್ಯ! ನವೆಂಬರ್ 1ಕ್ಕೆ ಏಕೀಕರಣ ಆಗಿಹೋಗಿತ್ತು. ಕನ್ನಡ ಪಂಡಿತರು ಹಲಗೆಯ ಮೇಲೆ ದೊಡ್ಡ ನಕ್ಷೆ ಬರೆದರು. ಮುಂಬಯಿಯಲ್ಲಿದ್ದ ನಮ್ಮ ನಾಲ್ಕು ಜಿಲ್ಲೆ, ಹೈದರಾಬಾದಿನ ಮೂರು, ಮದ್ರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು, ಹಳೇ ಮೈಸೂರು. ಆಮೇಲೆ ಧೋತರದ ಚುಂಗಿನಿಂದ ನಡುವಿನ ಗೆರೆಗಳನ್ನೆಲ್ಲ ಒರೆಸಿದರು. 1953ರಲ್ಲಿ ಏಕೀಕರಣಕ್ಕಾಗಿ ಶಂಕರಗೌಡರು ಉಪವಾಸ ಕೂತಾಗ ಅದರಗುಂಚಿಗೆ ನಡೆದುಕೊಂಡೇ ಹೋಗಿ ನೋಡಿ ಬಂದವರು ಅವರು. ಗಂಟಲು ಕಟ್ಟಿತ್ತು, ಅವತ್ತು ಪಾಠ ಮುಂದೆ ಸಾಗಲಿಲ್ಲ.

ಮುಂದೆ 1957ರ ಏಪ್ರಿಲ್ 1ರಿಂದ ನಯೆ ಪೈಸೆ, ಅಂದರೆ ಹೊಸ ಪೈಸೆ. ರೂಪಾಯಿಗೆ 16 ಆಣೆ, 64 ಪೈಸೆ ಅನ್ನುತ್ತಿದ್ದ ಊರಿಗೆಲ್ಲ ಒಮ್ಮೆಲೇ 100ರ ಲೆಕ್ಕ. ತಾಮ್ರದ ಬಣ್ಣದ ಪುಟ್ಟ ಒಂದು ಪೈಸೆ, ಚೌಕಾದ ಐದು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ. ನಾಲ್ಕಾಣೆಗೆ 25 ಸರಿಹೋಗುತ್ತದೆ. ಆದರೆ ಒಂದಾಣೆಗೆ ಆರೂಕಾಲು ಪೈಸೆ ಕೊಡೋದು ಹೇಗೆ? ಅದಕ್ಕೇ ಆರು ಅಂತ ಸರಕಾರ ಗೊತ್ತುಮಾಡಿತ್ತು.

ನಮಗೆ ಅಷ್ಟೇ ಸಾಕಾಯಿತು. ಶಾಲೆ ಮುಂದಿನ ಅಜ್ಜಿಯ ಅಂಗಡಿಯಲ್ಲಿ ನಾಲ್ಕಾಣೆ ಶೇಂಗಾ ಒಟ್ಟಿಗೆ ಕೊಂಡರೆ 25. ನಾವು ನಾಲ್ವರು ಸಾಲಾಗಿ ನಿಂತು ಒಂದೊಂದಾಣೆಯದು ಕೊಂಡರೆ 24! ಉಳಿದ ಪೈಸೆ ದಿನಾ ನಮ್ಮ ಕಿಸೆಗೆ. ಸಂಜೆ ಗಲ್ಲಾ ಲೆಕ್ಕ ಹೊಂದದೆ ಅಜ್ಜಿ ಗೊಣಗುತ್ತಿದ್ದಳು. ಕೊನೆಗೆ ವಿಷಯ ಮಾಸ್ತರರ ಕಿವಿಗೆ ಬಿತ್ತು.

ಛಡಿ ಏಟು ಗ್ಯಾರಂಟಿ ಅಂದುಕೊಂಡಿದ್ದೆವು. ಅವರು ಛಡಿ ಮುಟ್ಟಲೇ ಇಲ್ಲ. "ಲೆಕ್ಕಾ ಭಾಳ ಚಲೋ ಬರತದಲ್ಲ ನಿಮಗ. ಅಜ್ಜಿಗೂ ಕಲಸ್ರಿ" ಅಂತ ನೇರ ಅಂಗಡಿಗೆ ಕರೆದೊಯ್ದರು. ಅಂಗಡಿಯ ಬಾಗಿಲ ಮೇಲೆ ನನ್ನ ಕೈಯಿಂದಲೇ ಸೀಮೆಸುಣ್ಣದಲ್ಲಿ ಬರೆಸಿದರು: ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಪರೀಕ್ಷೆ ಬರುವವರೆಗೂ ದಿನಾ ಸಂಜೆ ಅಲ್ಲಿ ನಿಂತು ಗಿರಾಕಿಗಳಿಗೆ ಚಿಲ್ಲರೆ ಎಣಿಸಿ ಕೊಟ್ಟೆವು. ದೊಡ್ಡವರೆಲ್ಲ ನನ್ನನ್ನು ಕೇಳಿ ಲೆಕ್ಕ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಆ ಹೆಮ್ಮೆ ಇವತ್ತಿಗೂ ಇದೆ. ಮುಂದೆ ಬ್ಯಾಂಕ್ ಮ್ಯಾನೇಜರ್ ಆದಾಗ ಕ್ಯಾಶ್ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಶಾಖೆಯಲ್ಲಿ ಯಾರೂ ಇರಲಿಲ್ಲ. ಆ ಕೈಚಳಕ ಮಾಸ್ತರರದ್ದು.

ಈಗಿನ ಶಿಕ್ಷಕರೂ ಒಳ್ಳೆಯವರೇ. ಆದರೆ ವರದಿ ಬರೆಯೋದರಲ್ಲೇ ಅವರ ಹೊತ್ತು ಹೋಗುತ್ತದೆ ಅಲ್ವಾ? ನನ್ನ ಮೊಮ್ಮಗನಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತು ಬರುತ್ತದೆ. ಸಂತೆಯಲ್ಲಿ ಮುಕ್ಕಾಲು ಕಿಲೋ ಬದನೆಕಾಯಿಗೆ ಎಷ್ಟಾಯಿತು ಅಂದರೆ ಫೋನ್ ತೆಗೆಯುತ್ತಾನೆ.

ನಮ್ಮ ಶಾಲೆಯ ಈಗಿನ ಮುಖ್ಯಾಧ್ಯಾಪಕರಲ್ಲಿ ಒಂದು ವಿನಂತಿ. ತಿಂಗಳಿಗೊಮ್ಮೆ ಎಂಟನೆಯ ಇಯತ್ತೆಯ ಮಕ್ಕಳನ್ನು ಸಂತೆಗೆ ಕರೆದುಕೊಂಡು ಹೋಗಿ. ಅವರ ಕೈಗೇ ದುಡ್ಡು ಕೊಟ್ಟು ವ್ಯಾಪಾರ ಮಾಡಿಸಿ. ಅದರ ಖರ್ಚು ನಮ್ಮ ಬ್ಯಾಚಿನವರದು.