ಶಿಬಿರದಲ್ಲಿ ಮೊದಲು ಶೌಚಾಲಯವೋ, ದುಡಿಮೆಯೋ?

ನಿರಾಶ್ರಿತರ ಶಿಬಿರಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಇರುವ ದುಡ್ಡಲ್ಲಿ ಮೊದಲು ಶೌಚಾಲಯ ಕಟ್ಟಿಸಬೇಕೋ, ಇಲ್ಲ ಜನ ನಾಲ್ಕು ಕಾಸು ದುಡಿಯುವುದಕ್ಕೆ ದಾರಿ ಮಾಡಬೇಕೋ? ಶೌಚಾಲಯವೆಂದರೆ ಒಮ್ಮೆ ಕಟ್ಟಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಬರುವ ಕಟ್ಟಡ ಅಂದುಕೊಂಡವರಿಗೆ ಇದು ಕಷ್ಟದ ಪ್ರಶ್ನೆ. ಶಿಬಿರದಲ್ಲಿ ಅದು ಕಟ್ಟಡಕ್ಕಿಂತ ಹೆಚ್ಚಾಗಿ ದಿನದಿನದ ಕೆಲಸ. ಆ ಕೆಲಸಕ್ಕೆ ಶಿಬಿರದವರನ್ನೇ ಹಚ್ಚಿ ಸರಿಯಾಗಿ ಕೂಲಿ ಕೊಟ್ಟರೆ ಎರಡನ್ನೂ ಒಟ್ಟಿಗೆ ಶುರುಮಾಡಬಹುದು. ಎಲ್ಲರಿಗೂ ಸಾಲುವಷ್ಟು ದುಡಿಮೆ ಅದರಿಂದ ಹುಟ್ಟುವುದಿಲ್ಲ, ಅದನ್ನೂ ಮುಂದೆ ಹೇಳುತ್ತೇವೆ.

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯನ್ನೇ ನೋಡಿ. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಗಡಿ ದಾಟಿ ಬಂದು, ಉಖಿಯಾ ಮತ್ತು ಟೆಕ್ನಾಫ್‌ನ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ನೆರವು ಸಂಸ್ಥೆಗಳು ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡದ ಪ್ರಕಾರ ಶಿಬಿರದಲ್ಲಿ ತಲೆಗೆ 45 ಚದರ ಮೀಟರ್ ಜಾಗ ಬೇಕು. ಕುಟುಪಾಲೊಂಗ್‌ನ ದೊಡ್ಡ ಶಿಬಿರದಲ್ಲಿ ಸಿಕ್ಕಿದ್ದು ಸುಮಾರು 11. ಸಾವಿರಾರು ಶೌಚಾಲಯಗಳು ಅವಸರದಲ್ಲಿ ಎದ್ದವು, ಬಹಳಷ್ಟು ಅಷ್ಟೇ ಅವಸರದಲ್ಲಿ ತುಂಬಿಯೂ ಹೋದವು.

ಯಾಕೆ ಅಂತ ಲೆಕ್ಕ ಹಾಕೋಣ. ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಸಿಮೆಂಟ್ ರಿಂಗ್ ಐದು ಇಳಿಸಿದರೆ ಗುಂಡಿಯಲ್ಲಿ ಹಿಡಿಯುವುದು ಸುಮಾರು ಸಾವಿರ ಲೀಟರ್. ಮಾನದಂಡದಂತೆ ಒಂದು ಶೌಚಾಲಯಕ್ಕೆ 20 ಜನ. ಮಲಮೂತ್ರ ದಿನಕ್ಕೆ ತಲೆಗೆ ಒಂದೂವರೆ ಲೀಟರ್, ತೊಳೆದುಕೊಳ್ಳಲು ಮತ್ತು ಸುರಿಯಲು ಎರಡೂವರೆ ಲೀಟರ್ ಅಂದುಕೊಂಡರೂ ದಿನಕ್ಕೆ 80 ಲೀಟರ್ ಆಯಿತು. ನೆಲ ನೀರು ಕುಡಿಯದಿದ್ದರೆ ಹನ್ನೆರಡೇ ದಿನಕ್ಕೆ ಗುಂಡಿ ಭರ್ತಿ. ಅದೇ ನೀರು ಇಂಗಿಹೋಗಿ ಗಟ್ಟಿ ಮಾತ್ರ ಉಳಿಯುವಂತಿದ್ದರೆ, ತಲೆಗೆ ವರ್ಷಕ್ಕೆ 60 ಲೀಟರ್ ಹಿಡಿದರೂ ಹತ್ತು ತಿಂಗಳು ಬರುತ್ತದೆ. ಗುಂಡಿಯನ್ನು ತುಂಬಿಸುವುದು ಮಲವಲ್ಲ, ನೀರು. ಇಷ್ಟು ತಿಳಿಯದೆ ಬರೀ ಆಳ ಹೆಚ್ಚಿಸುತ್ತ ಹೋದರೆ ಮಳೆಗಾಲದಲ್ಲಿ ಮೇಲೆದ್ದ ಅಂತರ್ಜಲವೇ ಒಳಗೆ ನುಗ್ಗುತ್ತದೆ. ಗುಂಡಿಯ ತಳ ಮಳೆಗಾಲದ ಜಲಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕು. ಅಷ್ಟು ಸಿಗದ ಕಡೆ ಆಳಕ್ಕೆ ಹೋಗುವ ಬದಲು ರಿಂಗುಗಳನ್ನು ನೆಲದಿಂದ ಮೇಲಕ್ಕೆ ಎಬ್ಬಿಸಿ, ಸುತ್ತ ಮಣ್ಣೇರಿಸಿ, ಮೆಟ್ಟಿಲು ಕೊಡಬೇಕು.

ಅಗೆಯುವ ಮೊದಲು ಇಂಗು ಪರೀಕ್ಷೆ ಮಾಡಿ. ಮುಂದೆ ಬರುವ ಗುಂಡಿಯಷ್ಟೇ ಆಳಕ್ಕೆ ಒಂದು ಪರೀಕ್ಷೆಯ ಗುಂಡಿ ತೆಗೆದು, ಅದರ ತಳದಲ್ಲಿ 30 ಸೆಂಟಿಮೀಟರ್ ಆಳದ ಸಣ್ಣ ಕುಳಿ ತೋಡಿ, ನೀರು ತುಂಬಿ ರಾತ್ರಿ ಬಿಡಿ. ಮಾರನೆಯ ದಿನ ಮತ್ತೆ ತುಂಬಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಕೋಲಿಟ್ಟು ಅಳೆಯಿರಿ. ಒಂದು ಸೆಂಟಿಮೀಟರ್ ಕೂಡ ಇಳಿಯದಿದ್ದರೆ ನೀವು ಕಟ್ಟುತ್ತಿರುವುದು ಇಂಗುಗುಂಡಿಯಲ್ಲ, ಟ್ಯಾಂಕು. ಟ್ಯಾಂಕಿಗೆ ಖಾಲಿ ಮಾಡುವವರು ಬೇಕು, ಮೊದಲ ದಿನದಿಂದಲೇ.

ಗುಂಡಿಗೆ ಬೀಳುವ ನೀರಿನಲ್ಲಿ ಸ್ನಾನದ ನೀರೂ ಸೇರಿರುತ್ತದೆ, ಇದನ್ನು ಎಂಜಿನಿಯರುಗಳು ಸುಲಭಕ್ಕೆ ಹಿಡಿಯುವುದಿಲ್ಲ. ಹೆಂಗಸರಿಗೆ ಮರೆಯಾಗಿ ಸ್ನಾನ ಮಾಡಲು ಬೇರೆ ಜಾಗವಿಲ್ಲದಿದ್ದರೆ ಶೌಚಾಲಯದ ಬಾಗಿಲು ಹಾಕಿಕೊಂಡು ಅಲ್ಲೇ ಮೀಯುತ್ತಾರೆ; ಬಕೆಟ್ಟುಗಟ್ಟಲೆ ನೀರು ಗುಂಡಿಗೆ. ಹಾಗಾಗಿ ಸ್ನಾನದ ಮರೆ ಕಟ್ಟಿಸುವುದೆಂದರೆ ಗುಂಡಿಯ ಆಯುಸ್ಸನ್ನು ಹೆಚ್ಚಿಸುವುದೂ ಹೌದು. ಜಾಗವಿದ್ದರೆ ಗುಡಿಸಲ ಮಗ್ಗುಲಿಗೇ ಸಿಮೆಂಟ್ ಹಾಸಿದ ಬಚ್ಚಲು ಒಳ್ಳೆಯದು, ಅದರ ನೀರು ಚರಂಡಿಗೆ ಹೋಗಲಿ. ಬಾಗಿಲಿಗೆ ಒಳಚಿಲಕ, ದಾರಿಗೆ ಸೋಲಾರ್ ದೀಪ ಇಲ್ಲದ ಶೌಚಾಲಯ ಕತ್ತಲಾದ ಮೇಲೆ ಹೆಂಗಸರ ಪಾಲಿಗೆ ಇಲ್ಲವೆಂದೇ ಲೆಕ್ಕ. ರಾತ್ರಿ ಹೋಗಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ.

ಖಾಲಿ ಮಾಡುವ ಕೆಲಸವೇ ಅಸಲು ದುಡಿಮೆ. ಗುಡ್ಡದ ಇಕ್ಕಟ್ಟಿನ ದಾರಿಯಲ್ಲಿ ಲಾರಿ ಬರುವುದಿಲ್ಲ. ರಬ್ಬರ್ ಪೊರೆ ಹಿಂದೆಮುಂದೆ ಆಡಿ ಕೆಸರೆಳೆಯುವ ಡಯಾಫ್ರಮ್ ಪಂಪ್‌ನಿಂದ ಎತ್ತಿ, ಮುಚ್ಚಳವಿರುವ ಡ್ರಮ್ಮಿಗೋ ಪೈಪಿನ ಮೂಲಕ ಕೆಳಗಿನ ಟ್ಯಾಂಕಿಗೋ ಸಾಗಿಸಬೇಕು. ಪಂಪ್ ಕೆಡುವುದು ಹೆಚ್ಚಾಗಿ ಬಟ್ಟೆಚೂರು, ಪ್ಲಾಸ್ಟಿಕ್ ಸಿಕ್ಕಿಕೊಂಡು. ಮುಟ್ಟಿನ ಬಟ್ಟೆ ಎಸೆಯಲು ಒಳಗೊಂದು ಮುಚ್ಚಳದ ಡಬ್ಬಿ ಇಟ್ಟು, ಅದನ್ನು ಖಾಲಿ ಮಾಡಲು ಒಬ್ಬ ಹೆಂಗಸನ್ನು ನೇಮಿಸಿದರೆ ಪಂಪ್ ರಿಪೇರಿಯ ಖರ್ಚು ಕಡಿಮೆಯಾಗುತ್ತದೆ. ಮೇಲೆತ್ತಿದ ಮಲದಲ್ಲಿನ ರೋಗಾಣು ಕೊಲ್ಲಲು ತುರ್ತಿನ ಉಪಾಯ ಸುಣ್ಣ. ಅರಳಿಸಿದ ಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಹಾಲಿನಂತೆ ಮಾಡಿ ಬೆರೆಸಬೇಕು. 200 ಲೀಟರ್ ಡ್ರಮ್ಮಿಗೆ ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋ ಹಿಡಿಯುತ್ತದೆ. ಆದರೆ ತೂಕಕ್ಕಿಂತ ಪಿಎಚ್ ಪಟ್ಟಿಯನ್ನು (ಕ್ಷಾರ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಕಾಗದ) ನಂಬಿ: ಪಿಎಚ್ 12 ದಾಟಿ ಕನಿಷ್ಠ ಎರಡು ಗಂಟೆ ಅಲ್ಲೇ ನಿಲ್ಲಬೇಕು. ಹಳೆಯದಾಗಿ ಗಾಳಿಗೆ ಕೆಟ್ಟ ಸುಣ್ಣ ಎಷ್ಟು ಸುರಿದರೂ ಪಿಎಚ್ ಏರುವುದಿಲ್ಲ. ಸುಣ್ಣಕ್ಕೆ ಬ್ಯಾಕ್ಟೀರಿಯಾ ಸಾಯುತ್ತವೆ, ಜಂತುಹುಳದ ಮೊಟ್ಟೆ ಸಾಯುತ್ತವೆಂಬ ಭರವಸೆ ಇಲ್ಲ. ಹಾಗಾಗಿ ಹಾಗೇ ಒಯ್ದು ತರಕಾರಿ ಮಡಿಗೆ ಹಾಕುವಂತಿಲ್ಲ. ಕೊನೆಗೆ ಬೇಕಾಗುವುದು ದೊಡ್ಡ ಸಂಸ್ಕರಣಾ ಘಟಕವೇ. 2019ರಲ್ಲಿ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಕಾಕ್ಸ್ ಬಜಾರ್‌ನಲ್ಲಿ ಶುರುಮಾಡಿದ ಘಟಕ ದಿನಕ್ಕೆ 40 ಘನ ಮೀಟರ್, ಅಂದರೆ ಒಂದೂವರೆ ಲಕ್ಷ ಜನರ ಮಲವನ್ನು ಸಂಸ್ಕರಿಸುವ ಲೆಕ್ಕದ್ದು.

ಈ ಕೆಲಸ ಮಾಡುವವರಿಗೆ ಗಂಬೂಟು, ಮೊಣಕೈವರೆಗಿನ ರಬ್ಬರ್ ಗ್ಲೌಸು, ಸುಣ್ಣ ಸಿಡಿಯದಂತೆ ಕನ್ನಡಕ, ಧನುರ್ವಾಯು ಮತ್ತು ಹೆಪಟೈಟಿಸ್ ಎ ಲಸಿಕೆ, ಕೆಲಸ ಮುಗಿದಲ್ಲೇ ಸ್ನಾನಕ್ಕೆ ನೀರು, ಸಾಬೂನು. ಗುಂಡಿಯೊಳಗೆ ಇಳಿಯುವುದು ಯಾವ ಕಾರಣಕ್ಕೂ ಇಲ್ಲ, ಒಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಎಚ್ಚರಿಕೆ ಕೊಟ್ಟು ಕೊಲ್ಲುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಬಂದು ಇಷ್ಟು ವರ್ಷವಾದರೂ ನಮ್ಮೂರುಗಳ ಸೆಪ್ಟಿಕ್ ಟ್ಯಾಂಕುಗಳಲ್ಲಿ ಸಾವು ನಿಂತಿಲ್ಲ. ನೆರವಿನ ಹೆಸರಲ್ಲಿ ಅದನ್ನೇ ಇನ್ನೊಂದು ಕಡೆ ಮಾಡುವುದು ಬೇಡ.

ಕೂಲಿಯ ವಿಷಯ ನಾಜೂಕು. ರೋಹಿಂಗ್ಯಾ ಜನಕ್ಕೆ ಬಾಂಗ್ಲಾದೇಶದಲ್ಲಿ ಕಾನೂನುಬದ್ಧವಾಗಿ ಉದ್ಯೋಗ ಮಾಡುವ ಹಕ್ಕಿಲ್ಲ. ಸ್ವಯಂಸೇವಕರೆಂಬ ಹೆಸರಿನಲ್ಲಿ ಗಂಟೆಗಿಷ್ಟು ಎಂದು ಗೌರವಧನ ಕೊಡುತ್ತಾರೆ. ಒಂದೇ ಶಿಬಿರದಲ್ಲಿ ಎರಡು ಸಂಸ್ಥೆಗಳು ಎರಡು ದರ ಕೊಟ್ಟರೆ ಕೆಲಸಗಾರರು ಹೆಚ್ಚು ಕೊಡುವವರ ಕಡೆ ಹೋಗುತ್ತಾರೆ, ಇನ್ನೊಂದು ಕಡೆಯ ಗುಂಡಿಗಳು ಉಕ್ಕುತ್ತವೆ. ಎಲ್ಲರಿಗೂ ಪಾಲು ಸಿಗಲೆಂದು ಹದಿನೈದು ದಿನಕ್ಕೊಮ್ಮೆ ಆಳು ಬದಲಿಸುವ ಪದ್ಧತಿ ಚರಂಡಿ ತೋಡುವುದಕ್ಕೆ, ಮೆಟ್ಟಿಲಿಗೆ ಮರಳುಚೀಲ ಜೋಡಿಸುವುದಕ್ಕೆ ಸರಿ. ಪಂಪ್ ನಡೆಸುವವರಿಗೆ ಸರಿಯಲ್ಲ, ಕೈ ಪಳಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಇನ್ನು ಸಾಬೂನು ತಯಾರಿ, ಕಸೂತಿ, ಮೇಣದಬತ್ತಿ ತರಬೇತಿಗಳು. ದಾನಿಗಳಿಗೆ ಇವೆಂದರೆ ಬಲು ಇಷ್ಟ, ನಮಗೆ ಅಷ್ಟಿಲ್ಲ. ಶಿಬಿರದ ಹೊರಗೆ ಮಾರಲು ಅನುಮತಿ ಇಲ್ಲ, ಒಳಗೆ ಕೊಳ್ಳುವವರ ಕೈಯಲ್ಲಿ ದುಡ್ಡಿಲ್ಲ, ಕಾರ್ಖಾನೆಯ ಸಾಬೂನು ಅಗ್ಗ. ಸಂಸ್ಥೆಗಳೇ ಖರೀದಿಸುವ ವಸ್ತುವಾದರೆ ಮಾತ್ರ ನಿಲ್ಲುತ್ತದೆ: ಒಗೆದು ಬಳಸುವ ಮುಟ್ಟಿನ ಪ್ಯಾಡ್, ಮಕ್ಕಳ ಬಟ್ಟೆ, ಹುಳ ಹಿಡಿಯದಂತೆ ಹದಮಾಡಿದ ಬಿದಿರು. ಹಸಿ ಬಿದಿರನ್ನು ಹಾಗೇ ಹೂತರೆ ಹುಳ ಕೊರೆದು ಒಂದೆರಡು ವರ್ಷದಲ್ಲೇ ಪುಡಿ ಉದುರುತ್ತದೆ. ಗಂಟುಗಳ ಒಳಗೆ ತೂತು ಕೊರೆದು ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿಟ್ಟು ಒಣಗಿಸಿದರೆ ಹಲವು ವರ್ಷ ಬಾಳುತ್ತದೆ. ಆದರೆ ಬಿದಿರಿಗೆ ಹಿಡಿದ ಈ ಉಪ್ಪು ಮಳೆಗೆ ತೊಳೆದುಹೋಗುತ್ತದೆ, ನೆಲದಲ್ಲಿ ಹೂಳುವ ತುದಿಗೆ ಕಾಂಕ್ರೀಟ್ ಬುಡ ಕೊಡಲೇಬೇಕು. ಗುಡಿಸಲ ಮೇಲೆ ಹಬ್ಬಿಸಿದ ಸೋರೆ, ಕುಂಬಳ ಬಳ್ಳಿಗಳೂ ಮನೆಯ ಖರ್ಚು ಉಳಿಸುತ್ತವೆ.

ಖರ್ಚಿನ ಮಾತು ಯಾಕೆಂದರೆ, ಶುಚಿತ್ವಕ್ಕೂ ಹೊಟ್ಟೆಗೂ ನೇರ ಸಂಬಂಧವಿದೆ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ರೋಹಿಂಗ್ಯಾ ಶಿಬಿರಗಳಲ್ಲಿ ಊಟಕ್ಕೆಂದು ತಲೆಗೆ ತಿಂಗಳಿಗೆ ಕೊಡುತ್ತಿದ್ದ 12 ಡಾಲರನ್ನು 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. 2024ರ ಜನವರಿಯಲ್ಲಿ ಮತ್ತೆ 10 ಆಯಿತು. ಅಂಥ ಸಮಯದಲ್ಲಿ ಹಂಚಿದ ಸಾಬೂನನ್ನು ಮಾರಿ ಮೀನು ತರುವ ತಾಯಿಗೆ ಕೈ ತೊಳೆಯುವ ಪಾಠ ಹೇಳಿ ಪ್ರಯೋಜನವಿಲ್ಲ.

ನಮ್ಮಲ್ಲಿ ಪ್ರವಾಹ ಬಂದಾಗ ತೆರೆಯುವ ಕಾಳಜಿ ಕೇಂದ್ರಗಳ ಕಥೆ ಬೇರೆ. ಹೆಚ್ಚಾಗಿ ಶಾಲೆಗಳಲ್ಲಿ, ಕೆಲವು ದಿನಗಳ ಮಟ್ಟಿಗೆ. ಅಲ್ಲಿ ದುಡಿಮೆಯ ಪ್ರಶ್ನೆ ತಡವಾಗಿ ಬರುತ್ತದೆ, ಗುಂಡಿಯ ಪ್ರಶ್ನೆ ಮೊದಲ ರಾತ್ರಿಯೇ. ಶಾಲೆಯ ಟ್ಯಾಂಕು ಹಗಲು ಮಾತ್ರ ಇರುವ ಮಕ್ಕಳ ಲೆಕ್ಕಕ್ಕೆ ಕಟ್ಟಿದ್ದು. ಜನ ಬರುವ ಮೊದಲೇ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿ, ತಳದಲ್ಲಿ ಕೂತ ಗಸಿ ಟ್ಯಾಂಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಸಕ್ಕಿಂಗ್ ಲಾರಿ ಅವತ್ತೇ ಕರೆಸಿ. ರಸ್ತೆ ಮುಳುಗಿದ ಮೇಲೆ ಅದೂ ಬರುವುದಿಲ್ಲ.