ಸ್ಪೀಕರ್ ಮೊದಲೇ ಇತ್ತು, ರಿಸೀವರ್ ಆಮೇಲೆ ಬಂತು

ಅಣ್ಣ ಮನೆ ಬದಲಾಯಿಸುವಾಗ ತನ್ನ ಎರಡು ಟವರ್ ಸ್ಪೀಕರ್ ಮತ್ತು ಒಂದು ಸೆಂಟರ್ ಸ್ಪೀಕರನ್ನು ನನಗೆ ಕೊಟ್ಟುಬಿಟ್ಟ. "ತಗೊಂಡು ಹೋಗು, ನನಗೆ ಜಾಗ ಇಲ್ಲ" ಅಂದ. ನನ್ನ ಹತ್ತಿರ ಮೊದಲೇ ಒಂದು ಹಳೇ ಸೆಟ್ ಇತ್ತು. ಡಿವಿಡಿ ಪ್ಲೇಯರ್, ಆಂಪ್ಲಿಫೈಯರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲದ್ದು. ಆ ಪೆಟ್ಟಿಗೆ ಕೆಟ್ಟು ಮೂಲೆ ಸೇರಿತ್ತು. ಅದರ ಜೊತೆ ಬಂದಿದ್ದ ಎರಡು ಪುಟ್ಟ ಸ್ಪೀಕರ್ ಮತ್ತು ತಗ್ಗು ಸ್ವರ ನುಡಿಸುವ ಸಬ್‌ವೂಫರ್ ಮಾತ್ರ ಗಟ್ಟಿಯಾಗಿದ್ದವು. ಟಿವಿಯ ಸದ್ದು ತಗೊಂಡು ಇಷ್ಟನ್ನೂ ಒಟ್ಟಿಗೆ ನುಡಿಸುವ ಒಂದು ರಿಸೀವರ್, ಅಂದರೆ ಆಂಪ್ಲಿಫೈಯರ್ ಇರುವ ಪೆಟ್ಟಿಗೆ ಬೇಕಿತ್ತು, ಅದೂ ಕಡಿಮೆ ಖರ್ಚಿನಲ್ಲಿ. ಸ್ಪೀಕರ್ ಪುಕ್ಕಟೆ ಬಂತು ಅಂತ ರಿಸೀವರ್‌ಗೆ ದುಡ್ಡು ಸುರಿಯೋಕೆ ಆಗಲ್ಲ ಅಲ್ವಾ.

ರಿಸೀವರ್ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ವಾಟ್. ಆಮೇಲೆ ಚಾನೆಲ್, ಅಂದರೆ ಒಂದೊಂದು ಸ್ಪೀಕರ್‌ಗೆ ಹೋಗುವ ಸದ್ದಿನ ದಾರಿ ಎಷ್ಟು ಅನ್ನೋದು. 5.1, 7.2, 5.1.2, ಹೀಗೆ ಅಂಕಿಗಳ ಸಂತೆ. ಮೊದಲನೆಯದು ಸುತ್ತಲಿನ ಸ್ಪೀಕರ್‌ಗಳ ಸಂಖ್ಯೆ, ಎರಡನೆಯದು ಸಬ್‌ವೂಫರ್, ಮೂರನೆಯದು ಇದ್ದರೆ ತಲೆಯ ಮೇಲಿನಿಂದ ಸದ್ದು ಬರಿಸುವ ಸ್ಪೀಕರ್. ನಾನು ಒಂದಿಷ್ಟು ಮಾದರಿಗಳ ಹೆಸರು ಬರೆದಿಟ್ಟುಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಅವನು ಪಟ್ಟಿ ಕೇಳಿಸಿಕೊಳ್ಳಲೇ ಇಲ್ಲ.

"ಸ್ಪೀಕರ್ ಹಿಂದೆ ಏನು ಬರೆದಿದೆ ನೋಡಿದ್ಯಾ?"

"ಇಲ್ಲ."

"ಮೊದಲು ಅದನ್ನ ಓದು. ಟಿವಿ ಹಿಂದೇನೂ ನೋಡು. ಆಮೇಲೆ ಮಾತಾಡೋಣ."

ಸರಿ ಅಂತ ಟಾರ್ಚ್ ಹಿಡಿದು ಸ್ಪೀಕರ್‌ಗಳ ಬೆನ್ನ ಹಿಂದೆ ಕೂತೆ. ಟವರ್‌ಗಳ ಚೀಟಿ ಸ್ಪಷ್ಟವಾಗಿತ್ತು: 8 ಓಮ್, 89 ಡೆಸಿಬೆಲ್ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಡೆಸಿಬೆಲ್ ಸದ್ದಿನ ಅಳತೆ). ಸೆಂಟರ್ ಮೇಲೆ 6 ಓಮ್, 87 ಡೆಸಿಬೆಲ್. ಪುಟ್ಟ ಸ್ಪೀಕರ್‌ಗಳ ಚೀಟಿ ಉದುರಿ ಅಂಟಿನ ಕಲೆಯಷ್ಟೇ ಉಳಿದಿತ್ತು. ಅವುಗಳ ವೈರ್ ತುದಿಗೆ ಮಲ್ಟಿಮೀಟರ್ ಹಿಡಿದೆ. 3.4 ತೋರಿಸಿತು. ಮೀಟರ್ ಅಳೆಯುವುದು ಸುರುಳಿಯ ಬರೀ ಡಿಸಿ ರೆಸಿಸ್ಟೆನ್ಸ್. ಸ್ಪೀಕರ್ ಮೇಲೆ ಬರೆಯುವ ಓಮ್ ಅದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ. ಅಂದರೆ ನನ್ನವು 4 ಓಮ್. ಪೆಟ್ಟಿಗೆ ಸೆಟ್‌ಗಳ ಜೊತೆ ಬರುತ್ತಿದ್ದ ಸ್ಪೀಕರ್‌ಗಳಲ್ಲಿ 3, 4 ಓಮ್ ಮಾಮೂಲಿ. ಹೀಗೆ ಅಳೆಯುವಾಗ ವೈರ್ ಯಾವ ಆಂಪ್ಲಿಫೈಯರ್‌ಗೂ ಸಿಕ್ಕಿಸಿರಬಾರದು.

ಓಮ್ ಯಾಕೆ ಮುಖ್ಯ ಅಂದರೆ, ಅದು ಕಡಿಮೆ ಆದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ರಿಸೀವರ್ ಬಿಸಿಯಾಗುತ್ತದೆ, ತಡೆಯದಿದ್ದರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಕಡಿಮೆ ಬೆಲೆಯ ಎಷ್ಟೋ ರಿಸೀವರ್‌ಗಳ ಕೈಪಿಡಿಯಲ್ಲಿ "6ರಿಂದ 16 ಓಮ್" ಅಂತಲೇ ಇರುತ್ತದೆ. ಕೆಲವದರಲ್ಲಿ "4ರಿಂದ 16" ಇರುತ್ತದೆ. ನನ್ನ ಪಟ್ಟಿಯ ಅರ್ಧ ಹೆಸರು ಇಲ್ಲೇ ಅಳಿಸಿಹೋಯಿತು. ಕೆಲವು ರಿಸೀವರ್‌ಗಳಲ್ಲಿ ಓಮ್ ಬದಲಿಸುವ ಸೆಟ್ಟಿಂಗ್ ಕೊಟ್ಟಿರುತ್ತಾರೆ. ಅದನ್ನು ಇಳಿಸಿದರೆ ಆಂಪ್ಲಿಫೈಯರ್‌ಗೆ ಸಿಗುವ ವೋಲ್ಟೇಜ್ ಇಳಿಯುತ್ತದೆ, ಬಿಸಿ ಕಡಿಮೆಯಾಗುತ್ತದೆ, ಶಕ್ತಿಯೂ ಕಡಿಮೆಯಾಗುತ್ತದೆ. ಅಂಥದ್ದನ್ನು ನಂಬಿಕೊಂಡು ಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನು 89 ಡೆಸಿಬೆಲ್. ವಾಟ್‌ನ ಹುಚ್ಚು ಬಿಡಿಸಿದ್ದೇ ಈ ಅಂಕಿ. ಸ್ಪೀಕರ್‌ಗೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸಿಗುವ ಸದ್ದು ಅದು. ಒಂದೇ ಒಂದು ವಾಟ್‌ಗೆ 89 ಡೆಸಿಬೆಲ್! ನಾನು ಕೂರುವುದು ಸುಮಾರು ಮೂರು ಮೀಟರ್ ದೂರ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ ಒಂಬತ್ತು ಹತ್ತು ಡೆಸಿಬೆಲ್ ಕರಗುತ್ತದೆ, ಕೋಣೆಯೊಳಗೆ ಗೋಡೆಗಳಿರುವುದರಿಂದ ಅಷ್ಟೂ ಇಲ್ಲ. ಮನೆಯಲ್ಲಿ ನಾವು ಸಿನಿಮಾ ನೋಡುವುದು ಸರಾಸರಿ 70, 75ರಲ್ಲಿ. ಅಂದರೆ ಮಾತುಕತೆಯ ದೃಶ್ಯಗಳಲ್ಲೆಲ್ಲ ರಿಸೀವರ್ ಒಂದು ವಾಟ್ ಕೂಡ ಖರ್ಚು ಮಾಡುವುದಿಲ್ಲ. ಜಾಸ್ತಿ ವಾಟ್ ಬೇಕಾಗುವುದು ಢಮಾರ್ ಅನ್ನುವ ಗಳಿಗೆಗಳಿಗೆ. ಆಗಲೂ ವಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಎರಡು ಪಟ್ಟು ಅನ್ನಿಸಬೇಕಾದರೆ ವಾಟ್ ಹತ್ತು ಪಟ್ಟು ಬೇಕು.

ಇದನ್ನು ಇಟ್ಟುಕೊಂಡು ಮತ್ತೆ ಪಟ್ಟಿ ನೋಡಿದೆ. ಒಂದು ಮಾದರಿಯ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 145 ವಾಟ್ ಅಂತಿತ್ತು. ಕೆಳಗಿನ ಸಣ್ಣ ಅಕ್ಷರ ಓದಿದರೆ ಅದು 6 ಓಮ್‌ಗೆ, ಒಂದೇ ಚಾನೆಲ್ ಓಡಿಸಿದಾಗ, 1,000 ಹರ್ಟ್ಸ್‌ನ ಒಂದೇ ಸ್ವರಕ್ಕೆ. ಎರಡು ಚಾನೆಲ್ ಓಡಿಸಿ 20ರಿಂದ 20,000 ಹರ್ಟ್ಸ್‌ವರೆಗೆ ಅಳೆದಾಗ ಅದೇ ಯಂತ್ರ 90 ವಾಟ್. ಇನ್ನೂ ಮಜಾ ಅಂದರೆ ಅದು ಪ್ಲಗ್‌ನಿಂದ ಎಳೆಯುವ ವಿದ್ಯುತ್ತೇ ಇನ್ನೂರ ಚಿಲ್ಲರೆ ವಾಟ್ ಅಂತ ಕೈಪಿಡಿಯಲ್ಲಿದೆ. ಐದು ಚಾನೆಲ್‌ಗೆ 145ರಂತೆ 725 ವಾಟ್ ಎಲ್ಲಿಂದ ಬರಬೇಕು? ಆ ಚಿಲ್ಲರೆ ಅಂಕಿ ಮಾಮೂಲಿ ಬಳಕೆಯದು, ಕ್ಷಣಕಾಲ ಅದಕ್ಕಿಂತ ಜಾಸ್ತಿ ಎಳೆಯಬಹುದು, ಒಪ್ಪೋಣ. ಆದರೂ 725 ಅಲ್ಲ. ಅಮೆರಿಕದಲ್ಲಿ ಆಂಪ್ಲಿಫೈಯರ್ ವಾಟ್ ಅಳೆಯುವುದಕ್ಕೆ 1974ರಲ್ಲೇ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿತ್ತು. 2024ರಲ್ಲಿ ಅದನ್ನು ತಿದ್ದಿ, ಅಳತೆ 8 ಓಮ್‌ಗೇ ಆಗಬೇಕು ಅಂತ ಬಿಗಿ ಮಾಡಿದರು. ಡಬ್ಬದ ಮೇಲಿನ ದಪ್ಪ ಅಕ್ಷರ ಎಷ್ಟು ಹಳೇ ತಕರಾರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಅಂದಹಾಗೆ 145ಕ್ಕೂ 90ಕ್ಕೂ ಇರುವ ವ್ಯತ್ಯಾಸ ಎಷ್ಟು ಗೊತ್ತಾ? ಸುಮಾರು 2 ಡೆಸಿಬೆಲ್. ವಾಲ್ಯೂಮ್ ಒಂದೆರಡು ಗೆರೆ ಏರಿಸಿದರೆ ಮುಗಿಯಿತು. ಪಟ್ಟಿಯಲ್ಲಿದ್ದ ಯಾವ ರಿಸೀವರ್ ಆದರೂ ನನ್ನ ಟವರ್‌ಗಳಿಗೆ ಸಾಕಾಗುತ್ತಿತ್ತು. ವಾಟ್ ಅಂಕಣವನ್ನೇ ಹೊಡೆದು ಹಾಕಿದೆ.

ಟಿವಿಯ ಹಿಂದೆ ನೋಡಿದರೆ ಒಂದು ಎಚ್‌ಡಿಎಂಐ ಕಿಂಡಿಯ ಪಕ್ಕ "ಇ-ಆರ್ಕ್" ಅಂತ ಬರೆದಿತ್ತು. ಟಿವಿಯೊಳಗಿನ ಆ್ಯಪ್‌ಗಳ ಸದ್ದನ್ನು ಅದೇ ಎಚ್‌ಡಿಎಂಐ ವೈರಿನಲ್ಲಿ ರಿಸೀವರ್‌ಗೆ ವಾಪಸ್ ಕಳಿಸುವ ದಾರಿ ಅದು. ಹಳೆಯ ಆರ್ಕ್ 2009ರ ಎಚ್‌ಡಿಎಂಐ 1.4ರಿಂದ ಇದೆ, ಇ-ಆರ್ಕ್ 2017ರ ಎಚ್‌ಡಿಎಂಐ 2.1ರ ಜೊತೆ ಬಂತು. ನಾವು ನೋಡುವುದೆಲ್ಲ ಆ್ಯಪ್‌ಗಳಲ್ಲೇ. ಅವು ಹೆಚ್ಚಾಗಿ ಕಳಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ, ಗಾತ್ರ ಕುಗ್ಗಿಸಿದ ಸದ್ದು. ಅದಕ್ಕೆ ಹಳೆಯ ಆರ್ಕ್ ಕೂಡ ಸಾಕು. ಬ್ಲೂ-ರೇ ಡಿಸ್ಕಿನ ಟ್ರೂ-ಎಚ್‌ಡಿ, ಡಿಟಿಎಸ್-ಎಚ್‌ಡಿ ಥರದ ದೊಡ್ಡ ಗಾತ್ರದ ಸದ್ದು ಟಿವಿ ಮೂಲಕವೇ ಬರಬೇಕಾದರೆ ಮಾತ್ರ ಇ-ಆರ್ಕ್ ಬೇಕು.

ಇದರಿಂದ ಇನ್ನೊಂದು ಖರ್ಚೂ ಉಳಿಯಿತು. ದುಬಾರಿ ರಿಸೀವರ್‌ಗಳು ಜಂಬದಿಂದ ಹೇಳಿಕೊಳ್ಳುವುದು 8ಕೆ, 4ಕೆ 120 ಹರ್ಟ್ಸ್ ಕಿಂಡಿಗಳನ್ನು. ಮಗಳ ಗೇಮ್ ಕನ್ಸೋಲ್‌ಗೆ ಅದು ಬೇಕೇ ಬೇಕು ಅಂತ ಅಂದುಕೊಂಡಿದ್ದೆವು. ಆದರೆ ಕನ್ಸೋಲನ್ನು ನೇರ ಟಿವಿಗೆ ಹಾಕಿ, ಸದ್ದನ್ನು ಮಾತ್ರ ಇ-ಆರ್ಕ್‌ನಲ್ಲಿ ಇಳಿಸಿಕೊಂಡರೆ ಚಿತ್ರ ರಿಸೀವರ್ ಮುಟ್ಟುವುದೇ ಇಲ್ಲ. ಟಿವಿಯಲ್ಲಿ ಕಿಂಡಿ ಸಾಕಷ್ಟಿದ್ದರೆ ರಿಸೀವರ್‌ನಲ್ಲಿ ಒಂದೇ ಇದ್ದರೂ ನಡೆಯುತ್ತದೆ.

ಇಲ್ಲಿಗೆ ಬೇಕಾದದ್ದು ಇಷ್ಟು ಅಂತ ಗೊತ್ತಾಯಿತು: ಐದು ಚಾನೆಲ್, 4 ಓಮ್‌ಗೆ ಒಪ್ಪಿಗೆ, ಇ-ಆರ್ಕ್, ಜೊತೆಗೆ ಕೋಣೆಯನ್ನು ಅಳೆದು ಸದ್ದು ಹೊಂದಿಸುವ ಮೈಕ್. ಈ ಕೊನೆಯದನ್ನು ನಾನು ಬಿಡುತ್ತಿರಲಿಲ್ಲ. ಸ್ಪೀಕರ್‌ಗಳು ಮೂರು ಥರ, ಮೂರು ಗಾತ್ರ. ಅವುಗಳನ್ನು ಕಿವಿಯಿಂದಲೇ ಹೊಂದಿಸುವ ತಾಳ್ಮೆ ನನಗಿಲ್ಲ. ಡೆನಾನ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ, ಹೀಗೆ ಒಬ್ಬೊಬ್ಬರದು ಒಂದೊಂದು ಹೆಸರು.

ಸೆಕೆಂಡ್ ಹ್ಯಾಂಡ್ ಒಂದನ್ನೂ ನೋಡಿದೆ. ತನ್ನ ಕಾಲದಲ್ಲಿ ರಾಜನಂತಿದ್ದ ಯಂತ್ರ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದರ ಆಂಪ್ಲಿಫೈಯರ್ ಮುಂದೆ ಇವತ್ತಿನ ಅಗ್ಗದವು ಏನೂ ಅಲ್ಲ. ಆದರೆ ಅದರ ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ. ಹಳೆಯ ರಿಸೀವರ್‌ಗಳಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಆ ಬೋರ್ಡೇ. ಮೈಕ್ ಕಳೆದುಹೋಗಿತ್ತು. ಬೇರೆ ಕಂಪನಿಯ ಮೈಕ್ ಹಾಕಿದರೆ ಅಳತೆ ತಪ್ಪುತ್ತದೆ. ಆಸೆಗಣ್ಣಿನಿಂದ ನೋಡಿ ಬಿಟ್ಟು ಬಂದೆ. ಬರೀ ಎರಡು ಸ್ಪೀಕರ್‌ನಲ್ಲಿ ಹಾಡು ಕೇಳುವವರಾದರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಕೊನೆಗೆ ಕೊಂಡದ್ದು ಹೊಸ ಮಾದರಿ ಬಂದ ಮೇಲೆ ಬೆಲೆ ಇಳಿದಿದ್ದ ಹಿಂದಿನ ಮಾದರಿ. ನನಗೆ ಬೇಕಾದ ನಾಲ್ಕೂ ಅದರಲ್ಲಿದ್ದವು. ಏಳು ಚಾನೆಲ್‌ನದ್ದಕ್ಕೆ ಅಣ್ಣ ಸ್ವಲ್ಪ ಒತ್ತಾಯ ಮಾಡಿದ. "ಮುಂದೆ ಅಟ್ಮಾಸ್ ಹಾಕ್ಕೋಬಹುದು ಕಣೋ" ಅಂತ. ಅಟ್ಮಾಸ್ ಅಂದರೆ ತಲೆಯ ಮೇಲಿನಿಂದಲೂ ಸದ್ದು ಬರಿಸುವ ಏರ್ಪಾಡು. ನಮ್ಮ ಕೋಣೆಯಲ್ಲಿ ಚಾವಣಿಗೆ ಮೊಳೆ ಹೊಡೆಯುವ ಮಾತೆತ್ತಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲ.

ಜೋಡಿಸುವ ದಿನ ಮೊದಲು ತಕರಾರು ತೆಗೆದದ್ದು ಹಳೆಯ ಸಬ್‌ವೂಫರ್. ಅದಕ್ಕೆ ಕರೆಂಟ್ ವೈರೇ ಇಲ್ಲ. ಹಳೆಯ ಪೆಟ್ಟಿಗೆಯೊಳಗಿನ ಆಂಪ್ಲಿಫೈಯರೇ ಅದನ್ನು ಓಡಿಸುತ್ತಿತ್ತು. ರಿಸೀವರ್ ಹಿಂದೆ ಸಬ್‌ವೂಫರ್ ಅಂತ ಬರೆದ ಕಿಂಡಿಯಲ್ಲಿ ಬರುವುದು ಬರೀ ಸಿಗ್ನಲ್, ಸ್ಪೀಕರ್ ಓಡಿಸುವ ಶಕ್ತಿ ಅಲ್ಲ. ತನ್ನದೇ ಆಂಪ್ಲಿಫೈಯರ್ ಇರುವ, ಗೋಡೆಗೆ ಪ್ಲಗ್ ಹಾಕುವ ಸಬ್‌ವೂಫರ್ ಆದರೆ ಮಾತ್ರ ಅಲ್ಲಿ ನಡೆಯುತ್ತದೆ. ಹಳೆಯ ಸೆಟ್ ಇಟ್ಟುಕೊಂಡಿರುವವರು ಇದೊಂದನ್ನು ಮೊದಲೇ ನೋಡಿಕೊಳ್ಳಬೇಕು. ಸದ್ಯಕ್ಕೆ ಮೆನುವಿನಲ್ಲಿ "ಸಬ್‌ವೂಫರ್ ಇಲ್ಲ" ಅಂತ ಹೇಳಿ, ಟವರ್‌ಗಳನ್ನು "ಲಾರ್ಜ್" ಅಂತ ಇಟ್ಟೆ. ಆಗ ತಗ್ಗು ಸ್ವರವೆಲ್ಲ ಟವರ್‌ಗಳಿಗೆ ಹೋಗುತ್ತದೆ. ಸೆಂಟರ್‌ಗೆ 80 ಹರ್ಟ್ಸ್, ಪುಟ್ಟವಕ್ಕೆ 120 ಹರ್ಟ್ಸ್ ಗಡಿ ಹಾಕಿದೆ. ಅದಕ್ಕಿಂತ ಕೆಳಗಿನ ಭಾರ ಅವುಗಳ ಮೇಲೆ ಬೀಳದಿದ್ದರೆ 4 ಓಮ್ ಚಿಂತೆಯೂ ಅರ್ಧ ಕಡಿಮೆ.

ವೈರ್ ಸುಲಿದು ತಿರುಚುವಾಗ ಒಂದು ಎಳೆ ಆಚೆ ಉಳಿದರೂ ಕೆಂಪು, ಕಪ್ಪು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು. ವೈರ್ ತುದಿಗೆ ಬನಾನಾ ಪ್ಲಗ್ ಅನ್ನುವ ಲೋಹದ ಪಿನ್ ಹಾಕಿದ್ದರಿಂದ ಆ ಗೋಳು ಇರಲಿಲ್ಲ.

ಮೈಕನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ, ಸೋಫಾದಲ್ಲಿ ಕೂತವರ ಕಿವಿ ಇರುವ ಎತ್ತರಕ್ಕೆ ಇಟ್ಟೆವು. ಫ್ಯಾನ್ ಆಫ್. ಮಗಳು ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಶ್ ಅನ್ನುವ ಕೆಲಸ ತಾನೇ ವಹಿಸಿಕೊಂಡಳು. ಒಂದೊಂದೇ ಸ್ಪೀಕರ್ "ವುಪ್, ವುಪ್" ಅಂತ ಕೂಗಿತು. ಸೆಂಟರ್ ಬಳಿ ಬಂದಾಗ ಪರದೆ ಮೇಲೆ "ಫೇಸ್ ಉಲ್ಟಾ ಇದೆ, ವೈರ್ ನೋಡಿ" ಅಂತ ಸೂಚನೆ ಬಂತು, ಅಂದರೆ ಕೆಂಪು, ಕಪ್ಪು ವೈರ್ ಅದಲುಬದಲಾಗಿರಬಹುದು ಅಂತ. ಬಗ್ಗಿ ನೋಡಿದೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೇ ಇತ್ತು. ಕೆಲವು ಸ್ಪೀಕರ್‌ಗಳ ಒಳಗೇ ಒಂದು ಕೋನ್ ಅನ್ನು ಬೇಕಂತಲೇ ತಿರುಗಿಸಿ ಜೋಡಿಸಿರುತ್ತಾರೆ, ಯಂತ್ರ ಅದನ್ನು ನೋಡಿ ಗಾಬರಿಯಾಗುತ್ತದೆ. ವೈರ್ ಸರಿ ಇದ್ದರೆ ಮುಂದೆ ಹೋಗು ಅಂತ ಒತ್ತಬಹುದು. ಒತ್ತಿದೆ. ಕೊನೆಯಲ್ಲಿ ಪ್ರತಿ ಸ್ಪೀಕರ್‌ನ ದೂರವನ್ನು ಅದು ತೋರಿಸಿತು. ಟೇಪ್ ಹಿಡಿದು ನೋಡಿದರೆ ಹತ್ತು ಸೆಂಟಿಮೀಟರ್ ಒಳಗೇ ಸರಿ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆ ಲೆಕ್ಕದಲ್ಲಿ ಹತ್ತಿರದ ಸ್ಪೀಕರನ್ನು ಸ್ವಲ್ಪ ತಡ ಮಾಡಿಸಿ, ಐದೂ ಕಿವಿಗೆ ಒಟ್ಟಿಗೆ ಮುಟ್ಟುವ ಹಾಗೆ ಮಾಡುತ್ತದೆ.

ಸಿನಿಮಾ ಹಾಕಿದೆವು. ಸೋಫಾದ ಹಿಂದೆ ಇಟ್ಟಿದ್ದ ಪುಟ್ಟ ಸ್ಪೀಕರ್ ಎರಡೂ ಗಪ್‌ಚುಪ್. ರಿಸೀವರ್ ಮುಖದ ಮೇಲೆ "ಪಿಸಿಎಂ" ಅಂತ ಬರುತ್ತಿತ್ತು. ಅಂದರೆ ಟಿವಿ ಎಲ್ಲವನ್ನೂ ಎರಡು ಚಾನೆಲ್‌ಗೆ ಇಳಿಸಿ ಕಳಿಸುತ್ತಿದೆ. ಟಿವಿಯ ಆಡಿಯೋ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು "ಪಾಸ್‌ಥ್ರೂ" (ಬಂದದ್ದನ್ನು ಹಾಗೇ ದಾಟಿಸು) ಮಾಡಿದ ಕೂಡಲೇ "ಡಾಲ್ಬಿ ಡಿ ಪ್ಲಸ್" ಅಂತ ಬದಲಾಯಿತು, ಹಿಂದೆ ಮಳೆ ಶುರುವಾಯಿತು. ಮಗಳು ತಿರುಗಿ ಗೋಡೆ ನೋಡಿದಳು.

ಅರ್ಧ ಸಿನಿಮಾ ಆಗುವಷ್ಟರಲ್ಲಿ ಹೆಂಡತಿಯ ದೂರು ಬಂತು. "ರೀ, ಮಾತು ಕೇಳಿಸ್ತಿಲ್ಲ, ಗುಂಡಿನ ಸದ್ದು ಮಾತ್ರ ಎದೆಗೆ ಹೊಡೀತಿದೆ." ನ್ಯಾಯವಾದ ದೂರೇ. ಮಾತು ಹೆಚ್ಚಾಗಿ ಬರುವ ಸೆಂಟರನ್ನು 2 ಡೆಸಿಬೆಲ್ ಏರಿಸಿದೆ, ರಾತ್ರಿ ಹೊತ್ತಿಗೆ ಅಂತ ಇರುವ ಡೈನಮಿಕ್ ರೇಂಜ್ ಸೆಟ್ಟಿಂಗನ್ನು ಆನ್ ಮಾಡಿದೆ. ಅದು ಜೋರಿನ ಸದ್ದನ್ನು ತಗ್ಗಿಸಿ ಮೆಲ್ಲಗಿನದ್ದನ್ನು ಎತ್ತುತ್ತದೆ. ಶುದ್ಧಿ ಬಯಸುವವರು ಇದಕ್ಕೆ ಮೂಗು ಮುರಿಯುತ್ತಾರೆ, ಮುರಿಯಲಿ.

ಈಗ ಕರೆಂಟ್ ವೈರ್ ಇರುವ ಒಂದು ಸಬ್‌ವೂಫರ್ ಹುಡುಕುತ್ತಿದ್ದೇನೆ. ಅದು ಸಿಕ್ಕ ದಿನ ಟವರ್‌ಗಳನ್ನು "ಸ್ಮಾಲ್" ಮಾಡಿ, 80 ಹರ್ಟ್ಸ್ ಗಡಿ ಹಾಕಿ, ಇನ್ನೊಮ್ಮೆ ಮೈಕ್ ಇಟ್ಟು ಎಲ್ಲ ಅಳೆಯಬೇಕು. ಅಣ್ಣನ ಹತ್ತಿರ ಒಂದು ಇದೆ, ಆದರೆ ಅದನ್ನಂತೂ ಅವನು ಕೊಡಲ್ಲವಂತೆ.