ಜ್ವರವೇ ಇಲ್ಲದ ಸೋಂಕು

ಅಮ್ಮನಿಗೆ ಮರೆವಿನ ಕಾಯಿಲೆ ಇತ್ತು. ಕೇಳಿದ್ದನ್ನೇ ಕೇಳುತ್ತಿದ್ದಳು, ಆದರೆ ನನ್ನನ್ನು ಮರೆತಿರಲಿಲ್ಲ. ಆ ದಿನ ಬೆಳಿಗ್ಗೆ ಮಾತ್ರ "ಯಾರಮ್ಮ ನೀನು?" ಅಂದಳು. ಹೊದಿಕೆಯ ಅಂಚಿನಿಂದ ಇಲ್ಲದ ದಾರವನ್ನು ಒಂದೊಂದಾಗಿ ಕೀಳುತ್ತಿದ್ದಳು. ಖಾಲಿ ಗೋಡೆಯತ್ತ ತಿರುಗಿ ಯಾರನ್ನೋ ಗದರಿದಳು. ಮಧ್ಯಾಹ್ನದ ಹೊತ್ತಿಗೆ ಮಾತೇ ಇಲ್ಲ, ಕೂತಲ್ಲೇ ತೂಕಡಿಕೆ.

"ಕಾಯಿಲೆ ಜಾಸ್ತಿ ಆಗಿದೆ, ವಯಸ್ಸಾಯ್ತಲ್ವಾ" ಎಂದರು ನೋಡಲು ಬಂದವರು. ನನಗೆ ಈ ಮಾತು ಕೇಳಿದರೆ ಸಂಕಟವಾಗುತ್ತದೆ. ಮರೆವಿನ ಕಾಯಿಲೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹೀಗೆ ಏರುವಂಥದ್ದಲ್ಲ.

ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಸಿಕ್ಕಿತು. ಜ್ವರ ಇರಲಿಲ್ಲ, ಉರಿ ಅಂತಲೂ ಅಂದಿರಲಿಲ್ಲ. ವಯಸ್ಸಾದವರಲ್ಲಿ ಎಷ್ಟೋ ಸಲ ಸೋಂಕು ಮೊದಲು ಕಾಣಿಸುವುದೇ ಹೀಗೆ, ತಲೆ ಕದಡಿದಂತೆ. ಹೀಗೆ ದಿಢೀರ್ ಅಂತ ತಲೆ ಕದಡುವುದಕ್ಕೆ ಡೆಲಿರಿಯಂ ಅನ್ನುತ್ತಾರೆ ಎಂದರು ಡಾಕ್ಟರ್.

ಮೂತ್ರಕೋಶಕ್ಕೂ ಮಿದುಳಿಗೂ ಏನು ಸಂಬಂಧ? ಅವರು ಬಿಡಿಸಿ ಹೇಳಿದರು. ಸೋಂಕಿನೊಡನೆ ಹೋರಾಡುವ ರಕ್ಷಣಾ ಕಣಗಳು ಸೈಟೊಕೈನ್ ಎಂಬ ಸುದ್ದಿ ಒಯ್ಯುವ ಪ್ರೋಟೀನ್‌ಗಳನ್ನು ಬಿಡುತ್ತವೆ. ಆ ಸುದ್ದಿ ಮಿದುಳಿಗೂ ಮುಟ್ಟುತ್ತದೆ. ಅಲ್ಲಿ ಮೈಕ್ರೋಗ್ಲಿಯಾ ಎಂಬ ಕಣಗಳಿವೆ. ಅಮಿಲಾಯ್ಡ್ ಎಂಬ ಪ್ರೋಟೀನ್‌ನಂಥ ಕಸ ತೆಗೆಯುವುದು ಅವುಗಳ ಕೆಲಸ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದ ಮಿದುಳಿನಲ್ಲಿ ಅವು ಮೊದಲೇ ಕೆರಳಿರುತ್ತವೆ. ಇನ್ನಷ್ಟು ಕೆರಳಿದರೆ ಕಸದ ಜೊತೆ ನರಕೋಶಗಳ ನಡುವಿನ ಕೊಂಡಿಗಳನ್ನೂ ಹಾಳುಮಾಡುತ್ತವೆ. ಈ ಕೆರಳುವಿಕೆ, ಅಂದರೆ ಉರಿಯೂತ, ಈ ಕಾಯಿಲೆಯ ಬರೀ ಪರಿಣಾಮವಲ್ಲ ಅನ್ನಲು ಬಲವಾದ ಕಾರಣವೂ ಇದೆ. ಮೈಕ್ರೋಗ್ಲಿಯಾ ಬಳಸುವ ಟ್ರೆಮ್-2 ಜೀನ್‌ನ ಒಂದು ಅಪರೂಪದ ರೂಪ ಇದ್ದವರಿಗೆ ಅಲ್ಝೈಮರ್ ಅಪಾಯ ಸುಮಾರು 3 ಪಟ್ಟು ಎಂದು 2013ರಲ್ಲಿ ಪ್ರಕಟವಾಯಿತು.

"ಹಾಗಾದ್ರೆ ಉರಿಯೂತ ಇಳಿಸೋ ಮಾತ್ರೆ ಕೊಟ್ರೆ ಆಗಲ್ವಾ ಡಾಕ್ಟ್ರೇ?" ಎಂದೆ. ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಎರಡನ್ನೂ ವಯಸ್ಸಾದವರಿಗೆ ಕೊಟ್ಟು ನೋಡಿದ್ದಾರಂತೆ. ಮರೆವು ತಡೆಯಲಿಲ್ಲ. ಹೊಟ್ಟೆಗೆ, ಹೃದಯಕ್ಕೆ ಅಪಾಯ ಬೇರೆ. ಅದೇ ಮೈಕ್ರೋಗ್ಲಿಯಾದಿಂದ ಒಳ್ಳೆಯ ಕೆಲಸವೂ ಆಗುತ್ತಿರುವಾಗ ಸುಮ್ನೆ ಎಲ್ಲವನ್ನೂ ಅದುಮುವುದು ಸರಿಯಲ್ಲ ಅನ್ನುವುದು ನನಗೆ ಆಗ ಹೊಳೆಯಿತು.

ಆ್ಯಂಟಿಬಯಾಟಿಕ್ ಶುರುವಾಗಿ ಕೆಲವು ದಿನಕ್ಕೆ ಅಮ್ಮ ನನ್ನ ಹೆಸರು ಹಿಡಿದು ಕರೆದಳು. ಆದರೆ ಗುಂಡಿ ಹಾಕಿಕೊಳ್ಳುವುದು ಮತ್ತೆ ಬರಲೇ ಇಲ್ಲ. ಬೆರಳು ಗುಂಡಿಯ ತನಕ ಹೋಗುತ್ತದೆ, ಮುಂದೇನು ಅಂತ ತಿಳಿಯದೆ ನಿಲ್ಲುತ್ತದೆ. ಡೆಲಿರಿಯಂ ಬಂದುಹೋದ ಮೇಲೆ ಮರೆವು ಬೇಗ ಏರುವುದುಂಟು.

ಈಗ ಅಮ್ಮನ ಜೊತೆಗಿರಲು ಬರುವವರಿಗೆಲ್ಲ ಮೊದಲು ಹೇಳುವುದು ಇಷ್ಟು: ಆಗಾಗ ನೀರು ಕುಡಿಸಿ, ಬಟ್ಟೆ ಒದ್ದೆಯಾದರೆ ತಕ್ಷಣ ಬದಲಿಸಿ. ಅವಳ ನಡವಳಿಕೆ ದಿಢೀರ್ ಅಂತ ಬದಲಾದರೆ, ಜ್ವರ ಇಲ್ಲದಿದ್ದರೂ, ನಡುರಾತ್ರಿಯಾದರೂ ನನಗೆ ಫೋನ್ ಮಾಡಿ.